ಲೋಕ ಅದಾಲತ್ತು: ಒಪ್ಪಿಗೆಯ ತೀರ್ಪು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಹೊಲದ ಪಾಲು, ಬದುವಿನ ತಂಟೆಗಳು ನ್ಯಾಯಾಲಯದ ಮೆಟ್ಟಿಲೇರುವುದುಂಟು. ಇತ್ಯರ್ಥವಾಗದೆ ಉಳಿದ ಇಂಥ ದಾವೆಯನ್ನು ನ್ಯಾಯಾಧೀಶರು ರಾಜಿಗಾಗಿ ಲೋಕ ಅದಾಲತ್ತಿಗೆ ಒಪ್ಪಿಸಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮವೂ, 2002ರಲ್ಲಿ ಜಾರಿಗೆ ಬಂದ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೆಯ ಕಲಮೂ ಇದಕ್ಕೆ ಆಧಾರ.

ಆದರೆ ಒಪ್ಪಿಸುವುದು ಬೇರೆ, ತೀರ್ಪು ಬೇರೆ. ಅದಾಲತ್ತು ತಾನಾಗಿ ಸೋಲು ಗೆಲುವುಗಳನ್ನು ನಿರ್ಣಯಿಸದು. ಉಭಯ ಪಕ್ಷಗಳು ಒಪ್ಪದಿದ್ದರೆ ದಾವೆಯು ಕಳುಹಿದ ನ್ಯಾಯಾಲಯಕ್ಕೇ ಮರಳಿ, ನಿಂತ ಹಂತದಿಂದಲೇ ಮುಂದುವರಿಯುವುದು. ಒಪ್ಪಿದರೆ ಆ ಐತೀರ್ಪು ಡಿಕ್ರಿಗೆ ಸಮಾನ. ಕಟ್ಟಿದ ನ್ಯಾಯಾಲಯ ಶುಲ್ಕವೂ ಹಿಂದಿರುಗುವುದು. ಮೇಲ್ಮನವಿಗೆ ಮಾತ್ರ ಎಡೆಯಿಲ್ಲ.

ಆದುದರಿಂದ ಅಕ್ಷರ ಬಾರದ ಒಕ್ಕಲಿಗನು ಹೆಬ್ಬೆಟ್ಟು ಒತ್ತುವ ಮುನ್ನ ರಾಜಿಪತ್ರವನ್ನು ಓದಿಸಿ ಕೇಳಬೇಕು. ಓದಿ ತಿಳಿಸುವ ಹೊಣೆ ಊರಿನ ವಿದ್ಯಾವಂತರದು. ಕಲಿತ ವಿದ್ಯೆಯ ಸಾರ್ಥಕ್ಯವೂ ಅಲ್ಲಿಯೇ.