‘ಈ ಸ್ಲೇಟು ಯಾರಿಗೆ ಬೇಕು?’ ಎಂದ ಸಾಹುಕಾರರು ಈಗ ಅದನ್ನು ಕೆಳಗಿಡರು!

ತಿಪಟೂರು: ಕೊಬ್ಬರಿ ಪೇಟೆಗೆ ಹೊಸದು ಏನೇ ಬರಲಿ, ಮೊದಲು ‘ಬ್ಯಾಡ’ ಅನ್ನುವುದು ಇಲ್ಲಿಯ ಪದ್ಧತಿ. ಟೆಂಡರು ಕಂಪ್ಯೂಟರಿಗೆ ಹೋದಾಗ ಗೊಣಗಿದವರಲ್ಲಿ ಮುಂದಿದ್ದ ಒಬ್ಬ ಹಳೇ ವರ್ತಕರು, ಇತ್ತೀಚೆಗೆ ಸಂಜೆಯಾದರೆ ಕೈಯಲ್ಲೊಂದು ಬೂದುಬಣ್ಣದ ಹಲಗೆ ಹಿಡಿದು ಅಂಗಡಿ ಜಗಲಿಯಲ್ಲಿ ಕೂತಿರುತ್ತಾರೆ. ಅದು ಇ-ರೀಡರ್. ಪುಸ್ತಕ ಓದುವ ಯಂತ್ರ.

ಎಪ್ಪತ್ತು ದಾಟಿದ ಇವರು (ಹೆಸರು ಹಾಕಬಾರದೆಂದು ಅಪ್ಪಣೆ) ಅಟ್ಟದಿಂದ ಇಳಿಸಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಗಿಟುಕು ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳಬಲ್ಲರು. ತುರುವೇಕೆರೆ ಕಡೆಯ ಹಳ್ಳಿಯವರು. ಊರಲ್ಲಿ ಜೈಮಿನಿ ಭಾರತ ಓದಿಸುತ್ತಿದ್ದ ಅಪ್ಪನ ಮಗ. ವ್ಯಾಪಾರ ಮುಗಿದ ಮೇಲೆ ಹಮಾಲಿಗಳನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದುವುದು ಇವರ ಬಹುಕಾಲದ ಅಭ್ಯಾಸ. ಬಸ್ಸು ತಪ್ಪಿದವರೂ ಬಂದು ಕೂತು ಕೇಳಿದ್ದುಂಟು.

ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಪೊರೆ ತೆಗೆಸಿದರೂ ಪೂರ್ತಿ ಸರಿಹೋಗಲಿಲ್ಲ. ಮೊದಲು ಕಾಣದೆ ಹೋದದ್ದು ಒತ್ತಕ್ಷರ. ಒಂದು ಸಂಜೆ ‘ಕಷ್ಟ’ ಇದ್ದ ಕಡೆ ‘ಕೃಷ್ಣ’ ಎಂದು ಓದಿಬಿಟ್ಟರು. ಹಮಾಲಿಗಳು ನಕ್ಕರು, ಕೆಟ್ಟ ಮನಸ್ಸಿನಿಂದಲ್ಲ. ಆದರೂ ಅವತ್ತೇ ಪುಸ್ತಕ ಬೀರು ಸೇರಿತು. ಎರಡು ವರ್ಷ ಜಗಲಿಯ ಮೇಲೆ ಓದು ಇಲ್ಲ. ಸಂಜೆ ಬೇಗ ಬಾಗಿಲು ಹಾಕಿ ಮನೆಗೆ ಹೋಗುತ್ತಿದ್ದರು. ಮಾತೂ ಕಮ್ಮಿಯಾಯಿತು ಅನ್ನುತ್ತಾರೆ ಪಕ್ಕದ ಅಂಗಡಿಯವರು.

ಬೆಂಗಳೂರಿನ ಮಗಳು ಹಬ್ಬಕ್ಕೆ ಬಂದವಳು ಇದನ್ನು ತಂದಳು.

‘ಇದೇನವ್ವ, ಈ ವಯಸ್ಸಲ್ಲಿ ಸ್ಲೇಟು ತಂದಿದೀಯ?’

‘ಒಂದ್ಸಲ ನೋಡಪ್ಪ, ಆಮೇಲೆ ಬೈಯುವೆಯಂತೆ.’

ನೋಡಲಿಲ್ಲ. ಒಂದು ತಿಂಗಳು ಆ ಯಂತ್ರ ಗದ್ದಿಗೆಯ ಮೇಲೆ ಚೀಟಿ ಹಾರದಂತೆ ಭಾರಕ್ಕೆ ಇತ್ತು! ಕೊನೆಗೆ ಅಂಗಡಿ ಹುಡುಗ ಸುಮ್ಮನಿರಲಾರದೆ ಗುಂಡಿ ಒತ್ತಿ, ಬೆರಳಾಡಿಸಿ, ಅಕ್ಷರ ಹಿಗ್ಗಿಸಿದ. ಮಗಳು ಮೊದಲೇ ತುಂಬಿಸಿಟ್ಟಿದ್ದ ಜೈಮಿನಿ ಭಾರತ. ‘ಷ್ಟ’ ಅನ್ನುವುದು ಹೆಬ್ಬೆರಳ ಉಗುರಿನಷ್ಟು ದಪ್ಪಕ್ಕೆ ಬಂದು ನಿಂತಿತು. ‘ಕೊಡೋ ಇಲ್ಲಿ’ ಎಂದವರು ಅವತ್ತು ರಾತ್ರಿ ಊಟಕ್ಕೆ ಏಳಲು ತಡಮಾಡಿದರು.

ಮೊಬೈಲಿನ ಹಾಗೆ ಇದು ಕಣ್ಣಿಗೆ ಹೊಡೆಯುವುದಿಲ್ಲ. ಪರದೆಯೊಳಗೆ ಕೂದಲೆಳೆಗಿಂತ ಸಣ್ಣ ಕೋಶಗಳಿವೆ. ಅವುಗಳಲ್ಲಿ ಕಪ್ಪು, ಬಿಳಿ ಕಣ. ವಿದ್ಯುತ್ ತಾಗಿದಾಗ ಕಪ್ಪು ಮೇಲೆ ಬಂದರೆ ಅಕ್ಷರ, ಬಿಳಿ ಬಂದರೆ ಕಾಗದ. ಪುಟ ಮಗುಚುವಾಗ ಮಾತ್ರ ಹೆಚ್ಚು ಕರೆಂಟು ಬೇಕು, ಒಮ್ಮೆ ಚಾರ್ಜು ಮಾಡಿದರೆ ಎಷ್ಟೋ ದಿನ ಬರುತ್ತದೆ. ಬಿಸಿಲಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಕರೆಂಟು ಹೋಗಿ ಬರುವ ಊರಿಗೆ ಇದಕ್ಕಿಂತ ಸಿಫಾರಸು ಬೇಕೇ?

ಆದರೆ ಸಾಹುಕಾರರ ತಕರಾರು ಮುಗಿದಿಲ್ಲ, ಅದು ಬೇರೆ ಕಡೆ ತಿರುಗಿದೆ. ಎಂ.ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’ (1915) ಬೇಕೆಂದರು. ಅಳಿಯ ಹುಡುಕಿ ಕೊಟ್ಟದ್ದು ಪುಟಗಳ ಫೋಟೋ ಪ್ರತಿ. ಅಕ್ಷರ ಹಿಗ್ಗಿಸಿದರೆ ಸಾಲು ಅಂಚು ದಾಟಿ ಓಡಿಹೋಗುತ್ತದೆ. ಪ್ರತಿ ಸಾಲಿಗೂ ಎಡಕ್ಕೆ ಬಲಕ್ಕೆ ಎಳೆಯಬೇಕು. ‘ಇದು ಓದೋದಲ್ಲ ಕಣ್ರೀ, ಬಾವೀಲಿ ನೀರು ಸೇದೋದು’ ಎಂದು ಪಕ್ಕಕ್ಕಿಟ್ಟರು. ಇನ್ನೊಬ್ಬರು ನುಡಿಯ ಹಳೇ ಫಾಂಟಿನಲ್ಲಿ ಟೈಪಾದ ಕಡತ ತಂದುಕೊಟ್ಟರು. ತೆರೆದರೆ ಕನ್ನಡವೇ ಇಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಕಸ! ಯುನಿಕೋಡ್‌ಗೆ ಬದಲಾಯಿಸಿದ ಮೇಲೆ ನೆಟ್ಟಗಾಯಿತು.

ದೊಡ್ಡ ಕಂಪನಿಗಳೂ ಕನ್ನಡವನ್ನು ಬಾಗಿಲಲ್ಲೇ ನಿಲ್ಲಿಸಿದ್ದುಂಟು. ಅಮೆಜಾನ್‌ನ ಕಿಂಡಲ್ ಅಮೆರಿಕದಲ್ಲಿ ಬಂದದ್ದು 2007ರಲ್ಲಿ. 2016ರಲ್ಲಿ ಅದು ಭಾರತದ ಐದು ಭಾಷೆಗಳ ಪುಸ್ತಕ ಮಾರಲು ಹೊರಟಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು. ಕನ್ನಡ ಇರಲಿಲ್ಲ. ಕಾದು ಕೂರದೆ ನಮ್ಮವರೇ ಕೆಲವರು 2020ರಲ್ಲಿ ‘ಮೈಲ್ಯಾಂಗ್’ ಶುರು ಮಾಡಿ ಕನ್ನಡದ ಇ-ಪುಸ್ತಕ, ಕೇಳುವ ಪುಸ್ತಕ ಕೊಟ್ಟರು. ಮೊಬೈಲಿನ ಆ್ಯಪ್ ಓಡುವ ಯಂತ್ರವನ್ನೇ ಮಗಳು ಆರಿಸಿ ತಂದದ್ದು ಅದಕ್ಕೇ. ಕೊಳ್ಳುವವರು ಅಂಗಡಿಯಲ್ಲೇ ಒಂದು ಕನ್ನಡ ಪುಸ್ತಕ ತೆರೆಸಿ ನೋಡಿ ದುಡ್ಡು ಕೊಡುವುದು ಒಳ್ಳೆಯದು.

ಈಗ ಸಾಹುಕಾರರ ಕಣ್ಣು ತೀನಂಶ್ರೀ ಮೇಲಿದೆ. ‘ಭಾರತೀಯ ಕಾವ್ಯಮೀಮಾಂಸೆ’ ಬರೆದ ತೀರ್ಥಪುರದ ನಂಜುಂಡಯ್ಯ ಶ್ರೀಕಂಠಯ್ಯನವರು ಪಕ್ಕದ ಚಿಕ್ಕನಾಯಕನಹಳ್ಳಿ ತಾಲ್ಲೂಕಿನವರು. ತೀರಿಕೊಂಡದ್ದು 1966ರಲ್ಲಿ. ಲೇಖಕ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಎನ್ನುತ್ತದೆ ಕಾಯಿದೆ. ಆ ಲೆಕ್ಕಕ್ಕೆ 2027ರ ಜನವರಿ 1ರಿಂದ, ಅವರು ಬದುಕಿದ್ದಾಗ ಅಚ್ಚಾದ ಪುಸ್ತಕಗಳನ್ನು ಯಾರು ಬೇಕಾದರೂ ಟೈಪ್ ಮಾಡಿ ಯಂತ್ರಕ್ಕೆ ಹಾಕಬಹುದು.

ಲೆಕ್ಕದಲ್ಲಿ ಪಳಗಿದ ಮನುಷ್ಯ. ದಿನಾಂಕ ಗೋಡೆಯ ಕ್ಯಾಲೆಂಡರಿನ ಪಕ್ಕ ಗೀಚಿಟ್ಟಿದ್ದಾರೆ. ಕಾಲೇಜಿಗೆ ಹೋಗುವ ಮೊಮ್ಮಗನಿಗೆ ಟೈಪಿಂಗ್ ಕೂಲಿ ಪುಟಕ್ಕೆ ಇಷ್ಟೆಂದು ಮಾತಾಗಿದೆ. ಅವನು ಜಾಸ್ತಿ ಕೇಳುತ್ತಿದ್ದಾನೆ, ಇವರು ಚೌಕಾಸಿಯಲ್ಲಿದ್ದಾರೆ. ಈ ಮಧ್ಯೆ ಜಗಲಿಯಲ್ಲಿ ಓದು ಮತ್ತೆ ಶುರುವಾಗಿದೆ. ಹಮಾಲಿಗಳು ಬಂದು ಕೂರುತ್ತಾರೆ. ಒತ್ತಕ್ಷರ ತಪ್ಪುವುದಿಲ್ಲ.