ಬೆಲ್ಲ ಇಳಿಸಿ, ಹೂರಣ ಉಳಿಸಿ

ಯುಗಾದಿಯ ಬೆಳಗು. ಧಾರವಾಡದ ದೊಡ್ಡವ್ವನ ಅಡುಗೆಮನೆಯಲ್ಲಿ ಆರು ಗಂಟೆಗೇ ಒಲೆ ಹೊತ್ತಿದೆ. ಅಗಲ ಬಾಯಿಯ ಪಾತ್ರೆಯಲ್ಲಿ ಕಡಲೆಬೇಳೆ ಕುದಿಯುತ್ತಿದೆ. ನೊರೆ ಉಕ್ಕಿ ಅಂಚಿಗೆ ಬಂದಾಗಲೆಲ್ಲ ಅವಳ ಸೌಟು ಅದನ್ನು ತೆಗೆದು ಬಟ್ಟಲಿಗೆ ಸುರಿಯುತ್ತದೆ. ಕುಕ್ಕರ್ ಮಾತ್ರ ಮೂಲೆಯಲ್ಲಿ ಸುಮ್ಮನೆ ಕೂತಿದೆ. ಹೋಳಿಗೆಯ ಬೇಳೆಗೆ ಕುಕ್ಕರ್ ಆಗದು ಎಂಬುದು ದೊಡ್ಡವ್ವನ ಹಟ. ಹಟದಲ್ಲಿ ನ್ಯಾಯವೂ ಇದೆ. ಒಂದು ಸೀಟಿ ಹೆಚ್ಚಾದರೆ ಬೇಳೆ ಕರಗಿ ನೀರು ಸೇರುತ್ತದೆ, ಹೂರಣ ಗಟ್ಟಿಯಾಗುವುದೇ ಇಲ್ಲ. ಒಂದು ಕಾಳು ಎತ್ತಿ ಬೆರಳ ನಡುವೆ ಹಿಚುಕಿ ಸೊಸೆಗೆ ತೋರಿಸುತ್ತಾಳೆ: "ನೋಡ್ವಾ, ಹಿಚುಕಿದ್ರ ಹಿಟ್ಟಾಗಬೇಕು. ತಾನಾಗೇ ಒಡೀಬಾರ್ದು."

ಸೊಸೆಯ ಕಣ್ಣು ಬೇಳೆಯ ಮೇಲಿಲ್ಲ, ಕಟ್ಟೆಯ ಮೇಲಿನ ಸಣ್ಣ ತಕ್ಕಡಿಯ ಮೇಲಿದೆ. ಮಾವನಿಗೆ ಸಕ್ಕರೆ ಕಾಯಿಲೆ. ಹಬ್ಬದ ದಿನ ಅವರೊಬ್ಬರನ್ನೇ ಎಲೆಯ ಮುಂದೆ ಅನ್ನ-ಸಾರಿಗೆ ಕೂರಿಸುವುದು ಅವಳಿಗೆ ಒಗ್ಗದು. ಹಾಗಾಗಿ 250 ಗ್ರಾಂ ಬೇಳೆಗೆ 150 ಗ್ರಾಂ ಬೆಲ್ಲ ತೂಗಿ ಇಟ್ಟಿದ್ದಾಳೆ. ಬೇಳೆಯಷ್ಟೇ ಬೆಲ್ಲ ಎಂಬುದು ಈ ಮನೆಯ ಹಳೆಯ ಲೆಕ್ಕ. ತಟ್ಟೆಯಲ್ಲಿದ್ದ ಬೆಲ್ಲದ ಪುಡಿ ನೋಡಿ ದೊಡ್ಡವ್ವನ ಹುಬ್ಬು ಮೇಲೇರಿತು.

"ಇಷ್ಟ ಬೆಲ್ಲಾ ಹಾಕಿದ್ರ ಅದಕ್ಕ ಹೋಳಿಗಿ ಅಂತಾರೇನ? ಬ್ಯಾಳಿ ರೊಟ್ಟಿ ಅನ್ನು ಹಂಗಾರ."

"ಒಂದ್ ಸಲ ತಿಂದ್ ನೋಡ್ರಿ ಅತ್ತಿ, ಆಮ್ಯಾಲ ಬೈರಿ."

ಇಲ್ಲಿ ನಾನು ಸೊಸೆಯ ಪಕ್ಷ. ಸಕ್ಕರೆ ಬಿಟ್ಟು ಬೆಲ್ಲ ಹಾಕಿದ್ದೇವೆ, ಆದ್ದರಿಂದ ಆರೋಗ್ಯಕ್ಕೆ ಒಳ್ಳೆಯದು ಎನ್ನುವವರು ಊರ ತುಂಬ ಇದ್ದಾರೆ. ಬೆಲ್ಲಕ್ಕೆ ಬಣ್ಣವಿದೆ, ಘಮವಿದೆ, ಚೂರುಪಾರು ಖನಿಜಗಳೂ ಇವೆ. ಆದರೆ ಅದರ ಬಹುಪಾಲು ಸಕ್ಕರೆಯೇ. ರಕ್ತಕ್ಕೆ ಸೇರಿದ ಮೇಲೆ ಅದು ಕಬ್ಬಿನ ಗಾಣದಿಂದ ಬಂತೋ ಕಾರ್ಖಾನೆಯಿಂದ ಬಂತೋ ಎಂದು ದೇಹ ಕೇಳುವುದಿಲ್ಲ. ಬೆರೆಸಿದ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಸೊಸೆಯ ಅಳತೆಯಲ್ಲಿ 15 ಹೋಳಿಗೆ ಆಗುತ್ತವೆ, ಒಂದಕ್ಕೆ 10 ಗ್ರಾಂ ಬೆಲ್ಲ. ದೊಡ್ಡವ್ವನ ಅಳತೆಯಲ್ಲಾದರೆ ಸುಮಾರು 17 ಗ್ರಾಂ. ಎರಡು ತಿಂದರೆ ಸೊಸೆಯ ಅಳತೆ ಗೆರೆಯೊಳಗೆ ಉಳಿಯುತ್ತದೆ, ದೊಡ್ಡವ್ವನದು ಗೆರೆ ದಾಟುತ್ತದೆ.

ಬೇಳೆ ಬೆಂದಿತು. ಪಾತ್ರೆಯನ್ನು ಬಗ್ಗಿಸಿ ನೀರು ಬಸಿದದ್ದಾಯಿತು. ಆ ಹಳದಿ ಕಟ್ಟನ್ನು ಚೆಲ್ಲುವ ಮಾತೇ ಇಲ್ಲ. ಬೇಳೆಯ ಸತ್ವದ ಒಂದಿಷ್ಟು ಪಾಲು ಅದಕ್ಕೆ ಇಳಿದಿರುತ್ತದೆ. ಒಂದು ಹಿಡಿ ಬೆಂದ ಬೇಳೆ, ಹುಣಸೆ, ಸುಟ್ಟ ಕೊಬ್ಬರಿ, ಮಸಾಲೆಪುಡಿ ಸೇರಿ ಅದು ಮಧ್ಯಾಹ್ನಕ್ಕೆ ಕಟ್ಟಿನ ಸಾರಾಗುತ್ತದೆ. ಮೈಸೂರು ಕಡೆಯವರು ಇದನ್ನೇ ತೊಗರಿಬೇಳೆಯಲ್ಲಿ ಮಾಡಿ ಒಬ್ಬಟ್ಟಿನ ಸಾರು ಎನ್ನುತ್ತಾರೆ. ಸಿಹಿ ತಿಂದ ನಾಲಿಗೆ ಅನ್ನಕ್ಕೆ ಹೊರಳಬೇಕಾದರೆ ಈ ಖಾರ-ಹುಳಿ ಬೇಕೇ ಬೇಕು.

ಬೆಲ್ಲ ಬಿದ್ದೊಡನೆ ಬೇಳೆ ಮತ್ತೆ ನೀರಾಯಿತು. ಸಣ್ಣ ಉರಿ, ಬಿಡದ ಕೈ. ನೀರು ಆರಿ, ನೆಟ್ಟ ಸೌಟು ಬೀಳದೆ ನಿಂತಾಗ ಹೂರಣ ಇಳಿಸುವ ಹೊತ್ತು. ಬೆಲ್ಲ ಕಡಿಮೆಯಾದರೆ ಇಲ್ಲೊಂದು ತೊಡಕಿದೆ. ಬೆಲ್ಲ ಬರೀ ಸಿಹಿಗಲ್ಲ, ಅಂಟಿಗೂ ಬೇಕು. ಅದು ತಗ್ಗಿದರೆ ಹೂರಣ ಉದುರುದುರಾಗಿ, ಲಟ್ಟಿಸುವಾಗ ಕಣಕ ಹರಿದು ಹೊರಬರುತ್ತದೆ. ಅದಕ್ಕೆ ಸೊಸೆ ಮೂರು ಉಪಾಯ ಹೂಡಿದಳು: ಪೂರ್ತಿ ಒಣಗುವ ಮೊದಲೇ ಇಳಿಸಿದಳು, ಬಿಸಿಯಿರುವಾಗಲೇ ಒರಳಿನಲ್ಲಿ ನುಣ್ಣಗೆ ರುಬ್ಬಿದಳು, ಬೇಯಿಸಿ ಹಿಸುಕಿದ ಒಂದು ಸಣ್ಣ ಗೆಣಸು ಸೇರಿಸಿದಳು. ಗೆಣಸಿನ ಸಿಹಿಯೂ ಸಿಹಿಯೇ, ಆದರೆ ಜೊತೆಗೆ ನಾರು ಬರುತ್ತದೆ. ಏಲಕ್ಕಿ, ಜಾಯಿಕಾಯಿ, ಒಣಶುಂಠಿ ಎಂದಿಗಿಂತ ಒಂದು ಚಿಟಿಕೆ ಹೆಚ್ಚು, ಉಪ್ಪು ಒಂದು ಕಣ. ಘಮ ಏರಿದರೆ ನಾಲಿಗೆ ಸಿಹಿ ಕಡಿಮೆಯಾದದ್ದನ್ನು ಮರೆಯುತ್ತದೆ.

ಕಣಕಕ್ಕೆ ಮೈದಾ ಇಲ್ಲ. ಪೇಟೆಯ ಅಂಗಡಿಗಳಲ್ಲಿ ಮೈದಾ ಹಿಟ್ಟು ನಾದಿ, ಅರಿಸಿನದ ಬಣ್ಣ ಕೊಟ್ಟು, ಎಣ್ಣೆಯಲ್ಲಿ ಮುಳುಗಿಸಿಟ್ಟಿರುತ್ತಾರೆ. ಎಳೆದಷ್ಟೂ ಹಿಗ್ಗುವ ಗುಣ ಅದಕ್ಕಿದೆ, ತೌಡು ಮತ್ತು ಮೊಳಕೆ ಹೋದ ಹಿಟ್ಟಿನ ಗುಣವೇ ಅದು. ಇಲ್ಲಿರುವುದು ಜವೆಗೋಧಿ. ಬೆಳಗಾವಿ, ಬಾಗಲಕೋಟೆ, ಧಾರವಾಡದ ಹೊಲಗಳಲ್ಲಿ ಇನ್ನೂ ಉಳಿದಿರುವ, ಹೊಟ್ಟು ಸುಲಭಕ್ಕೆ ಬಿಡದ ಕೆಂಪು ಕಾಳು. ಧಾರವಾಡದ ಕೃಷಿ ವಿಶ್ವವಿದ್ಯಾಲಯವೇ ಡಿಡಿಕೆ 1025, ಡಿಡಿಕೆ 1029 ಎಂಬ ತಳಿಗಳನ್ನು ಕೊಟ್ಟಿದೆ. ಇಡಿಗೋಧಿಯ ತೌಡು ಹಿಟ್ಟಿನ ಜಿಗುಟನ್ನು ಅಲ್ಲಲ್ಲಿ ಕತ್ತರಿಸುತ್ತದೆ, ಕಾರಣ ನೀರು ತುಸು ಹೆಚ್ಚು ಬೇಕು, ಕಾಯುವ ಸಹನೆಯೂ ಬೇಕು. ಚಪಾತಿಗಿಂತ ಮೆತ್ತಗೆ ನಾದಿ, ಎರಡು ಚಮಚ ಎಣ್ಣೆ ಸವರಿ, ಒದ್ದೆ ಬಟ್ಟೆ ಮುಚ್ಚಿ ಎರಡು ತಾಸು. ಅಷ್ಟಾದರೆ ಕಣಕ ಮಾತು ಕೇಳುತ್ತದೆ. (ಸಿರಿಧಾನ್ಯದ ಹೋಳಿಗೆ ಎಂದು ನವಣೆ ಹಿಟ್ಟನ್ನೇ ಕಣಕ ಮಾಡಲು ಹೊರಟವರಿಗೆ ಒಂದು ಮಾತು: ನವಣೆಗೆ ಜಿಗುಟಿಲ್ಲ, ಹೂರಣವನ್ನು ಹೊದೆಯಲಾರದು. ಅದನ್ನು ಪಾಯಸಕ್ಕೆ ಬಿಡಿ.)

ಈಗ ಒಲೆಯ ಮೇಲೆ ಹಂಚು. ನಿಂಬೆಗಾತ್ರದ ಕಣಕ, ಅದಕ್ಕಿಂತ ದೊಡ್ಡ ಹೂರಣದ ಉಂಡೆ. ದೊಡ್ಡವ್ವ ಕಣಕವನ್ನು ಅಂಗೈಯಲ್ಲಿ ಬಟ್ಟಲಿನಂತೆ ಮಾಡಿ, ಹೂರಣ ಕೂರಿಸಿ, ಅಂಚುಗಳನ್ನು ಮೇಲೆಳೆದು ಮುಚ್ಚುತ್ತಾಳೆ. ಬೆಂಗಳೂರು ಕಡೆ ಇದನ್ನು ಎಣ್ಣೆ ಸವರಿದ ಬಾಳೆಲೆಯ ಮೇಲೆ ಕೈಯಿಂದ ತಟ್ಟುತ್ತಾರೆ. ಇಲ್ಲಿ ಒಣಹಿಟ್ಟು ಉದುರಿಸಿ ಲಟ್ಟಣಿಗೆಯಿಂದ ಲಟ್ಟಿಸುತ್ತಾರೆ, ಹಾಗಾಗಿ ಎಣ್ಣೆ ಉಳಿತಾಯ. ಲಟ್ಟಣಿಗೆ ನಡುವಿನಿಂದ ಅಂಚಿಗೆ ಹಗುರಾಗಿ ಹೋಗುತ್ತದೆ, ಹಿಟ್ಟಿನ ಒಳಗಿಂದ ಹೂರಣದ ಹಳದಿ ಕಾಣುತ್ತದೆ. ಹಂಚಿಗೆ ಬಿದ್ದ ಹೋಳಿಗೆ ಮೊದಲು ಸಣ್ಣ ಗುಳ್ಳೆ ಏಳಿಸಿ, ತಿರುವಿ ಹಾಕಿದೊಡನೆ ನಿಧಾನಕ್ಕೆ ಪೂರ್ತಿ ಉಬ್ಬಿತು. ಬೆಲ್ಲ ಸುಟ್ಟ ಸಣ್ಣ ವಾಸನೆ, ಏಲಕ್ಕಿ, ಹುರಿದ ಗೋಧಿ, ಎಲ್ಲ ಸೇರಿ ಪಡಸಾಲೆಯಲ್ಲಿ ಪಂಚಾಂಗ ಓದುತ್ತಿದ್ದವರು ಎರಡು ಸಲ ಒಳಗೆ ಇಣುಕಿ ಹೋದರು.

ಹಂಚಿನ ಮೇಲೆ ತುಪ್ಪ ಹಾಕಬಾರದೆಂಬುದು ಸೊಸೆಯ ಇನ್ನೊಂದು ಕಟ್ಟಳೆ. ಒಂದು ದೊಡ್ಡ ಚಮಚ ತುಪ್ಪವೆಂದರೆ ಸುಮಾರು 120 ಕ್ಯಾಲೊರಿ; ಒಂದು ಹೋಳಿಗೆಯಲ್ಲಿ ಬೆಲ್ಲ ಇಳಿಸಿ ಉಳಿಸಿದ್ದು ಇಪ್ಪತ್ತೈದರ ಆಚೀಚೆ. ಬೆಲ್ಲ ತಗ್ಗಿಸಿ ತುಪ್ಪ ಸುರಿದರೆ ಸಕ್ಕರೆ ಇಳಿಯಬಹುದು, ತೂಕ ಇಳಿಯದು. ಅದಕ್ಕೇ ಹೋಳಿಗೆ ಎಲೆಗೆ ಬಿದ್ದ ಮೇಲೆ, ಬಿಸಿಯಿರುವಾಗ, ಮೇಲೊಂದು ಸಣ್ಣ ಚಮಚ. ಘಮವೆಲ್ಲ ಮೇಲೇ ಇರುವುದರಿಂದ ಅಷ್ಟೇ ಸಾಕೆನಿಸುತ್ತದೆ.

ಮಾವನಿಗೆ ಒಂದು, ಅದೂ ಊಟದ ಕೊನೆಗಲ್ಲ. ಕೋಸಂಬರಿ, ಪಲ್ಯ ತಿಂದ ಮೇಲೆ, ಅನ್ನದ ಪಾಲು ಕಡಿಮೆ ಮಾಡಿ. ದೊಡ್ಡವ್ವ ಒಂದು ತುಂಡು ಮುರಿದು ಹಾಲಿನಲ್ಲಿ ಅದ್ದಿ ಬಾಯಿಗಿಟ್ಟಳು. "ಸಪ್ಪಗೇನಿಲ್ಲ ಬಿಡು" ಎಂದಳು. ಹೊಗಳಿಕೆಯ ಮಾತು ಅವಳ ಬಾಯಲ್ಲಿ ಇದಕ್ಕಿಂತ ಉದ್ದ ಬಂದದ್ದನ್ನು ನಾನು ಕೇಳಿಲ್ಲ.

ನಿಮ್ಮ ಮನೆಯಲ್ಲೂ ಒಮ್ಮೆಲೇ 150 ಗ್ರಾಮಿಗೆ ಇಳಿಯಬೇಡಿ, ಜಗಳವಾದೀತು. ಈ ಹಬ್ಬಕ್ಕೆ ಬೆಲ್ಲದಲ್ಲಿ ಕಾಲುಭಾಗ ತೆಗೆದಿಡಿ, ಮುಂದಿನ ಹಬ್ಬಕ್ಕೆ ಇನ್ನಷ್ಟು. ಬಡಿಸುವವರೆಗೆ ಯಾರಿಗೂ ಹೇಳಬೇಡಿ.