ಧರ್ಮಸ್ವಾತಂತ್ರ್ಯ ಮತ್ತು ಕಾನೂನಿನ ನೆರವು: ಮುಂಬಯಿಯ ನಿದರ್ಶನಗಳು

ಶ್ರವಣಬೆಳಗೊಳದಲ್ಲಿರುವ ಬುಕ್ಕರಾಯನ ಕಾಲದ ಕ್ರಿ.ಶ. 1368ರ ಶಾಸನವು ಕನ್ನಡದ ಅಭ್ಯಾಸಿಗಳಿಗೆ ಸುಪರಿಚಿತವಾದುದು. ಶ್ರೀವೈಷ್ಣವರಿಂದ ತಮಗಾದ ಅನ್ಯಾಯವನ್ನು ಜೈನರು ಅರಸನಲ್ಲಿ ಬಿನ್ನವಿಸಿಕೊಂಡಾಗ, ಆತನು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿದನು. ಮತಸಾಮರಸ್ಯದ ದಾಖಲೆಯೆಂದು ಇದನ್ನು ಕೊಂಡಾಡುವವರು ಶಾಸನದ ಮುಂದಿನ ಭಾಗವನ್ನು ಅಷ್ಟಾಗಿ ಗಮನಿಸುವುದಿಲ್ಲ. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಸಂಗ್ರಹಿಸಿ, ಬೆಳಗೊಳದ ದೇವರ ರಕ್ಷಣೆಗೆ 20 ಆಳುಗಳನ್ನು ನೇಮಿಸಬೇಕು. ಮಿಕ್ಕ ಹಣದಿಂದ ಜೀರ್ಣಗೊಂಡ ಬಸದಿಗಳಿಗೆ ಸುಣ್ಣ ಬಳಿಸಬೇಕು. ಇದರ ಹೊಣೆ ವೈಷ್ಣವನಾದ ತಿರುಮಲೆಯ ತಾತಯ್ಯನದು. ಹಕ್ಕನ್ನು ಘೋಷಿಸಿದ ಮಾತ್ರಕ್ಕೆ ಅದು ಉಳಿಯುವುದಿಲ್ಲ. ದೂರನ್ನು ಕೇಳುವವರು, ತೀರ್ಪನ್ನು ನಡೆಸುವವರು, ಅದಕ್ಕೆ ತಗಲುವ ವೆಚ್ಚ ಇವೆಲ್ಲವೂ ಇರಬೇಕೆಂಬ ವಿವೇಕ ಇಲ್ಲಿದೆ.

ಸಂವಿಧಾನದ 25 ಮತ್ತು 26ನೆಯ ವಿಧಿಗಳು ವ್ಯಕ್ತಿಗೂ ಧಾರ್ಮಿಕ ಪಂಗಡಕ್ಕೂ ಸ್ವಾತಂತ್ರ್ಯವನ್ನಿತ್ತಿವೆ. ಇವುಗಳ ಅರ್ಥವನ್ನು ಮೊದಲು ಸ್ಪಷ್ಟಪಡಿಸಿದ ಎರಡು ಪ್ರಮುಖ ತೀರ್ಪುಗಳು 1954ರ ಮಾರ್ಚ್ ತಿಂಗಳಲ್ಲಿ, ಎರಡು ದಿನಗಳ ಅಂತರದಲ್ಲಿ ಸರ್ವೋಚ್ಚ ನ್ಯಾಯಾಲಯದಿಂದ ಹೊರಬಿದ್ದವು. ಒಂದು ಉಡುಪಿಯ ಶೀರೂರು ಮಠದ್ದು. ಇನ್ನೊಂದು ಮುಂಬಯಿ ರಾಜ್ಯದ ಜೈನ ಹಾಗೂ ಪಾರ್ಸಿ ನ್ಯಾಸಗಳಿಗೆ ಸಂಬಂಧಿಸಿದ್ದು. ವಾದ ಹೂಡಿದವರು ಮಠ ಮತ್ತು ನ್ಯಾಸಗಳ ಪರವಾಗಿ ನಿಂತವರೆಂಬುದು ಗಮನಾರ್ಹ. ಸಂಸ್ಥೆಗಳಿಗೆ ದೆಹಲಿಯ ದಾರಿ ತೆರೆದಿರುತ್ತದೆ. ಒಂಟಿ ವ್ಯಕ್ತಿಯ ಪಾಡೇನು?

ಈ ಪ್ರಶ್ನೆ ಮುಂಬಯಿಯಲ್ಲಿ ತೀಕ್ಷ್ಣವಾಗಿ ಮೂಡಿತು. ಸಮುದಾಯದಿಂದ ಬಹಿಷ್ಕರಿಸುವುದನ್ನು ಮುಂಬಯಿ ಪ್ರಾಂತದ 1949ರ ಕಾಯ್ದೆ ನಿಷೇಧಿಸಿತ್ತು. ದಾವೂದಿ ಬೋಹ್ರಾ ಪಂಗಡದ ಧರ್ಮಗುರುಗಳು ಇದನ್ನು ಪ್ರಶ್ನಿಸಲಾಗಿ, 1962ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಹುಮತದಿಂದ ಕಾಯ್ದೆಯನ್ನು ಅಸಿಂಧುಗೊಳಿಸಿತು. ಮುಖ್ಯ ನ್ಯಾಯಮೂರ್ತಿ ಬಿ. ಪಿ. ಸಿನ್ಹಾ ಅವರದು ಭಿನ್ನಮತ. 2023ರಲ್ಲಿ ಈ ಪ್ರಶ್ನೆಯನ್ನು ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲಾಯಿತು. ಈ ನಡುವೆ ಸಾಮಾಜಿಕ ಬಹಿಷ್ಕಾರದ ವಿರುದ್ಧ ಮಹಾರಾಷ್ಟ್ರವು ರೂಪಿಸಿದ 2016ರ ಕಾಯ್ದೆ 2017ರಲ್ಲಿ ಜಾರಿಗೆ ಬಂದಿತು. ಆದರೆ ನೆಂಟಸ್ತಿಕೆ, ಮದುವೆ, ಮಣ್ಣು ಎಲ್ಲವನ್ನೂ ಕಳೆದುಕೊಂಡವನು ತನ್ನವರ ವಿರುದ್ಧವೇ ದೂರು ಕೊಡಬೇಕಾದರೆ ಜೊತೆಗೊಬ್ಬರು ನಿಲ್ಲಬೇಕು. ಹಾಜಿ ಅಲಿ ದರ್ಗಾದ ಸಮಾಧಿಯ ಬಳಿಗೆ ಮಹಿಳೆಯರಿಗಿದ್ದ ನಿರ್ಬಂಧವನ್ನು ಮುಂಬಯಿ ಉಚ್ಚ ನ್ಯಾಯಾಲಯ 2016ರಲ್ಲಿ ತೆಗೆದುಹಾಕಿದ್ದು, ಮಹಿಳಾ ಸಂಘಟನೆಯ ಕಾರ್ಯಕರ್ತೆಯರು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೂಡಿದ್ದರಿಂದ. ಸಂಘಟನೆಯ ಬಲವಿಲ್ಲದವರಿಗೆ ಉಳಿಯುವ ಆಸರೆ ಉಚಿತ ಕಾನೂನು ನೆರವು.

1976ರಲ್ಲಿ ಸಂವಿಧಾನಕ್ಕೆ ಸೇರಿದ 39ಎ ವಿಧಿಯು ಈ ನೆರವನ್ನು ರಾಜ್ಯದ ಕರ್ತವ್ಯವೆಂದಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂದಿತು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಬಂಧನದಲ್ಲಿರುವವರು, ಜನಾಂಗೀಯ ಹಿಂಸೆಗೆ ಈಡಾದವರು ಆದಾಯದ ಮಿತಿಯಿಲ್ಲದೆ ಇದಕ್ಕೆ ಅರ್ಹರು. ಇತರರಿಗೆ ಆದಾಯವೇ ಅಳತೆ. ಮತೀಯ ಅಲ್ಪಸಂಖ್ಯಾತರೆಂಬ ಪ್ರತ್ಯೇಕ ವರ್ಗ ಮೂಲ ಕಾಯ್ದೆಯ ಪಟ್ಟಿಯಲ್ಲಿಲ್ಲ. ತನ್ನ ಪಂಗಡದೊಳಗೇ ಒಂಟಿಯಾದವನೂ ಇಲ್ಲ. 1992-93ರ ಗಲಭೆಗಳಲ್ಲಿ 900 ಜನ ಸತ್ತರೆಂದು ಶ್ರೀಕೃಷ್ಣ ಆಯೋಗ ದಾಖಲಿಸಿದೆ. ಅಂಥ ಹೊತ್ತಿನಲ್ಲಿ ಬೇಕಾಗುವುದು ಸಂವಿಧಾನದ ವ್ಯಾಖ್ಯಾನಕ್ಕಿಂತ ಮೊದಲು ಪೊಲೀಸ್ ಠಾಣೆಯಲ್ಲಿ ದಾಖಲಾಗುವ ದೂರು, ಸುಟ್ಟುಹೋದ ಕಾಗದಪತ್ರಗಳ ಪ್ರತಿ, ಪರಿಹಾರದ ಅರ್ಜಿ.

ಇಲ್ಲಿ ಭಾಷೆಯ ತೊಡಕೂ ಇದೆ. ಮುಂಬಯಿಯ ಕೆಳ ನ್ಯಾಯಾಲಯಗಳಲ್ಲಿ ಮರಾಠಿ, ಉಚ್ಚ ನ್ಯಾಯಾಲಯದಲ್ಲಿ ಇಂಗ್ಲಿಷ್. ಹೋಟೆಲು, ಗಿರಣಿಗಳನ್ನು ನಂಬಿ ಬಂದು ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ಕನ್ನಡಿಗರ ನಗರವಿದು. ತನ್ನ ಹೆಸರಿನಲ್ಲಿ ಬರೆದ ಅರ್ಜಿಯನ್ನು ತಾನೇ ಓದಲಾರದವನಿಗೆ ದೊರೆತ ನೆರವು ಅರೆನೆರವು. ಕಾನೂನು ಸೇವಾ ಪ್ರಾಧಿಕಾರಗಳ ಅರೆಕಾನೂನು ಸ್ವಯಂಸೇವಕರಾಗಲು ವಕೀಲಿ ಪದವಿ ಬೇಕಿಲ್ಲ. ಎರಡು ಭಾಷೆ ಬಲ್ಲ ಕನ್ನಡ ಪದವೀಧರರಿಗೆ ಇದು ತೆರೆದ ಕ್ಷೇತ್ರ. ಬುಕ್ಕರಾಯನ ನಿರ್ಣಯವನ್ನು ನೊಂದವರಿಗೆ ತಿಳಿಯುವ ನುಡಿಯಲ್ಲಿ, ಅವರ ಕಣ್ಣೆದುರಿನ ಕಲ್ಲಿನಲ್ಲಿ ಕೆತ್ತಲಾಗಿತ್ತೆಂಬುದನ್ನು ಮರೆಯಲಾಗದು.